ನಾಲ್ಕು ಕೈಯವಳ ಕಡೆಯ ಮಾತು

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಎರಡೇ ಕಾನೂನು. ವಾಹನಗಳಿಗಾದರೆ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಒಂದು ಸುತ್ತು ಹೊಡೆಸಬೇಕು. ಉಳಿದ ಸಾಮಾನಿಗೆ ಪೂಜೆ ಮಾಡಿದ ಮೇಲೆ ಮಾರನೆಯ ದಿನ ಬೆಳಿಗ್ಗೆ ದೀಪ ಹಚ್ಚುವ ತನಕ ಯಾರೂ ಮುಟ್ಟಬಾರದು. ಈ ಕಾನೂನು ಮಾಡಿದವರು ನಮ್ಮ ತಾತನೋ ಮುತ್ತಾತನೋ, ಬಾಗಲಗುಂಟೆಯಲ್ಲಿ ಇನ್ನೂ ರಾಗಿ ಹೊಲ ಇದ್ದ ಕಾಲದವರು. ಅವರಿಗೆ ಗಾಡಿ ಅಂದರೆ ಎತ್ತಿನ ಗಾಡಿ, ಆಯುಧ ಅಂದರೆ ಕುಡುಗೋಲು. ಬ್ಯಾಟರಿಯಲ್ಲಿ ಓಡುವ ವೀಲ್‌ಚೇರ್ ಯಾವ ಪಟ್ಟಿಗೆ ಸೇರುತ್ತದೆ ಅಂತ ಅವರು ಹೇಳಿ ಹೋಗಿರಲಿಲ್ಲ. ಹಾಗಾಗಿ ಆ ತೀರ್ಪು ನಮ್ಮಮ್ಮ ಮುನಿಕೃಷ್ಣಮ್ಮನ ಕೈಗೆ ಬಂತು.

ನಾನು ಮಾಲಾ, ವಯಸ್ಸು ಮೂವತ್ತೇಳು. ಒಂಬತ್ತನೆಯ ವಯಸ್ಸಿನಿಂದ ನನ್ನ ಸ್ನಾಯುಗಳು ಒಂದೊಂದಾಗಿ ರಾಜೀನಾಮೆ ಕೊಡುತ್ತಾ ಬಂದಿವೆ. ಈಗ ಡ್ಯೂಟಿಯಲ್ಲಿ ಉಳಿದಿರುವುದು ಬಲಗೈಯ ಎರಡು ಬೆರಳು, ಸ್ವಲ್ಪ ಕತ್ತು, ಮತ್ತು ಪೂರ್ತಿ ಬಾಯಿ. ಎತ್ತುವುದು, ಇಳಿಸುವುದು, ಸ್ನಾನ, ಊಟ, ಮಗ್ಗುಲು ಬದಲಿಸುವುದು ಎಲ್ಲ ಅಮ್ಮನದೇ. ಆರು ತಿಂಗಳ ಹಿಂದೆ ತಮ್ಮ ಭೀಮರಾಜ ಈ ಬ್ಯಾಟರಿ ಕುರ್ಚಿ ತಂದ ದಿನ, ಎರಡು ಬೆರಳಲ್ಲಿ ಅದನ್ನು ಓಡಿಸುವ ಪುಟ್ಟ ಕೋಲು ತಳ್ಳಿಕೊಂಡು ನಾನೇ ನಡುಮನೆಯಿಂದ ಹಿತ್ತಿಲಿಗೆ ಹೋಗಿದ್ದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೆ ಯಾರನ್ನೂ ಕೇಳದೆ ಹೋಗಿದ್ದೆ.

ಹಬ್ಬದ ದಿನ ಮಧ್ಯಾಹ್ನ ಮೂರು ಗಂಟೆಗೆ ನಾನು ಯಲಹಂಕದಲ್ಲಿರಬೇಕಿತ್ತು. ವಿಷಯ ಏನೆಂದರೆ, ‘ಓರಿಸ್ ಸ್ಟೇಷನ್’ ಅಂತ ಒಂದು ಇಂಗ್ಲಿಷ್ ಸೀರಿಯಲ್ಲು. ಶನಿಗ್ರಹದ ಆಚೆ ಒಂದು ನಿಲ್ದಾಣ, ಅದಕ್ಕೆ ಟಾಲಾ ಅಂತ ಒಬ್ಬ ಕ್ಯಾಪ್ಟನ್. ಅವಳು ಹುಟ್ಟಿದ್ದು ತೂಕವೇ ಇಲ್ಲದಂಥ ಪುಟ್ಟ ಚಂದ್ರನ ಮೇಲೆ, ಹಾಗಾಗಿ ನಿಲ್ದಾಣದಲ್ಲಿ ಅವಳ ಮೂಳೆಗಳು ಅವಳನ್ನು ಹೊರುವುದಿಲ್ಲ. ಅವಳನ್ನು ಎತ್ತಿ ಇಳಿಸಿ ನೋಡಿಕೊಳ್ಳುವುದು ಯೂನಿಟ್ ಫೋರ್ ಎಂಬ ನಾಲ್ಕು ಕೈಯ ಯಂತ್ರ. ಎತ್ತಿಸಿಕೊಳ್ಳುತ್ತಲೇ ಇಡೀ ನಿಲ್ದಾಣಕ್ಕೆ ಹುಕುಂ ಮಾಡುವ ಹೆಂಗಸನ್ನು ನೋಡಿದ ಮೊದಲ ದಿನವೇ ನಾನು ಈ ಸೀರಿಯಲ್ಲಿಗೆ ಬಿದ್ದುಹೋದೆ. ಅಮ್ಮ ಅನ್ನ ಕಲಸುತ್ತಾ ಆಗಾಗ ಲ್ಯಾಪ್‌ಟಾಪಿನತ್ತ ಕಣ್ಣು ಹಾಯಿಸಿ, ಯಂತ್ರವನ್ನು ನೋಡಿ, “ಅವಳ್ಗೇನವ್ವ, ನಾಕ್ ಕೈ ಅವೆ, ನಂಗೆ ಎರಡೇ” ಅನ್ನುತ್ತಿದ್ದಳು. ಇಂಗ್ಲಿಷ್ ಅರ್ಥವಾಗದ್ದರಿಂದ ಅವಳ ಅಭಿಮಾನ ಅಷ್ಟಕ್ಕೇ ನಿಂತಿತ್ತು.

ಬೆಂಗಳೂರಿನಲ್ಲಿ ಈ ಸೀರಿಯಲ್ಲಿಗೆ ಒಂದು ಅಭಿಮಾನಿ ಸಂಘವಿದೆ. ಹೆಬ್ಬಾಳದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ರಯ್ಯಾನ್ ಅದರ ಮುಖಂಡ. ಮೂರು ವರ್ಷದ ಹಿಂದೆ ಅವನು, “ಅಕ್ಕ, ನಮ್ ಅಮ್ಮೀನೂ ನೋಡ್ತಾರೆ, ಇಂಗ್ಲಿಷ್ ಬರಲ್ಲ, ಕನ್ನಡ ಸಬ್‌ಟೈಟಲ್ ಮಾಡ್ಕೊಡ್ತೀರಾ?” ಅಂದ. ಅಂದಿನಿಂದ ಎರಡು ಬೆರಳಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೇನೆ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ನೋಡಿ ನಗುವ ಚಿತ್ರ ಕಳಿಸುತ್ತಾರೆ. ಹಳದಿ ಮುಖದ ನಗು, ಸದ್ದಿಲ್ಲದ್ದು. ಈ ಸಲ ಕೊನೆಯ ಸಂಚಿಕೆಯನ್ನು ಹಾಲ್ ಒಂದರಲ್ಲಿ, ದೊಡ್ಡ ಪರದೆಯ ಮೇಲೆ, ನನ್ನ ಕನ್ನಡದ ಜೊತೆ ಹಾಕುವವರಿದ್ದರು. ನಾನು ಬರೆದ ಸಾಲಿಗೆ ಒಂದು ಹಾಲ್ ಜನ ಒಟ್ಟಿಗೆ ನಗುವುದನ್ನು ನನ್ನ ಕಿವಿಯಾರೆ ಕೇಳಬೇಕಿತ್ತು. ಅದೂ ಅಮ್ಮನಿಲ್ಲದೆ. ಭೀಮರಾಜ ತನ್ನ ಟೆಂಪೋದಲ್ಲಿ ಕುರ್ಚಿ ಸಮೇತ ಬಿಟ್ಟು ಬರುವುದು, ಆರು ಗಂಟೆಗೆ ಕರೆದುಕೊಂಡು ಬರುವುದು ಅಂತ ಮಾತಾಗಿತ್ತು.

ಅಮ್ಮ ಯಾಕೆ ಬರಬಾರದು ಅಂದರೆ, ಅದಕ್ಕೊಂದು ಕಾರಣವಿತ್ತು. ಯೂನಿಟ್ ಫೋರ್ ಮೂಲದಲ್ಲಿ ಬಹಳ ಸಭ್ಯ ಯಂತ್ರ. “ಕ್ಯಾಪ್ಟನ್, ತಮ್ಮ ದೇಹದಲ್ಲಿ ನೀರಿನ ಪ್ರಮಾಣ ಕಡಿಮೆಯಿದೆ” ಅಂತ ಮಾತಾಡುವಂಥದ್ದು. ನಾನು ಮೊದಲ ಸಂಚಿಕೆಯ ಕನ್ನಡಕ್ಕೆ ಕೂತ ದಿನ ಬೆಳಿಗ್ಗೆ ನನಗೂ ಅಮ್ಮನಿಗೂ ನೀರಿನ ವಿಷಯಕ್ಕೇ ಜಗಳವಾಗಿತ್ತು. ನಾನು ನೀರು ಕಡಿಮೆ ಕುಡಿಯುತ್ತೇನೆ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕೆಂದರೆ ಅಮ್ಮನನ್ನು ಕರೆಯಬೇಕು. ಆವತ್ತು ಅವಳು ಬೈದದ್ದನ್ನು ನಾನು ಸಿಟ್ಟಿಗೆ ಹಾಗೇ ಎತ್ತಿ ಯಂತ್ರದ ಬಾಯಿಗೆ ಹಾಕಿದೆ. ಸಂಘದವರು ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ಚಟ ಹತ್ತಿತು. ಮೂರು ವರ್ಷದಲ್ಲಿ ಅಮ್ಮನ ಬೈಗುಳ, ಕೊಂಕು, ಗೊಣಗಾಟ ಎಲ್ಲ ಶನಿಗ್ರಹದಾಚೆಗೆ ಹೋಗಿ ಸೇರಿದ್ದವು. ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ಈಗ ಹಬ್ಬದ ಬೆಳಿಗ್ಗೆಗೆ ಬನ್ನಿ. ಅಮ್ಮ ನನಗೆ ಎಣ್ಣೆಸ್ನಾನ ಮಾಡಿಸಿ, ಹೊಸ ಚೂಡಿದಾರ ಹಾಕಿ ಮಂಚದ ಮೇಲೆ ಮಲಗಿಸಿ ಹೋದಳು. ಊದುಬತ್ತಿ ವಾಸನೆ ಬಂತು, ಗಂಟೆ ಸದ್ದೂ ಬಂತು. ಕತ್ತು ವಾಲಿಸಿ ಬಾಗಿಲಾಚೆ ನೋಡುತ್ತೇನೆ, ನನ್ನ ಕುರ್ಚಿ ಮದುವಣಗಿತ್ತಿಯಂತೆ ಕೂತಿದೆ. ಎರಡೂ ಕೈಗೆ ಬಾಳೆಕಂದು, ಬೆನ್ನಿಗೆ ಚೆಂಡುಹೂವಿನ ಹಾರ, ಕೋಲಿಗೆ ಮೂರು ಬೆರಳು ವಿಭೂತಿ, ಸ್ವಿಚ್ಚಿಗೆ ಕುಂಕುಮ. ಪಕ್ಕದಲ್ಲಿ ಭೀಮರಾಜನ ಮೋಟಾರ್ ರಿಪೇರಿಯ ಸ್ಪ್ಯಾನರುಗಳು, ಡ್ರಿಲ್ಲು, ಅಮ್ಮನ ಈಳಿಗೆಮಣೆ, ನನ್ನ ಲ್ಯಾಪ್‌ಟಾಪು. ಅಂದರೆ ನನ್ನ ಕುರ್ಚಿಯನ್ನು ಮುಟ್ಟಬಾರದವರ ಸಾಲಿನಲ್ಲಿ ಕೂರಿಸಲಾಗಿತ್ತು.

“ಅಮ್ಮಾ, ನಾನು ಮೂರು ಗಂಟೆಗೆ ಹೋಗ್ಬೇಕು!” ಅಂತ ಕಿರುಚಿದೆ.

“ಓಗು. ಯಾರ್ ಬ್ಯಾಡ ಅಂದೋರು? ಅದ್ರ ಮ್ಯಾಲೆ ಕೂತ್ಕೊಂಡು ಓಗಂಗಿಲ್ಲ, ಅಷ್ಟೇಯ.”

“ಅದು ಗಾಡಿ ಅಮ್ಮ. ಚಕ್ರ ಇದೆ, ಬ್ಯಾಟರಿ ಇದೆ, ಹಾರನ್ ಇದೆ. ನಿಂಬೆಹಣ್ಣು ಹತ್ತಿಸಿದ್ರೆ ಮುಗೀತು.”

“ನಂಬರ್ ಪ್ಲೇಟ್ ಎಲ್ಲೈತೆ?”

ಇನ್ನೊಂದು ದಾರಿ ಹಿಡಿದೆ. “ಹಂಗಾದ್ರೆ ಅದು ನನ್ನ ಕಾಲು. ಕಾಲಿಗೆ ಪೂಜೆ ಮಾಡ್ಬಿಟ್ಟು ನಡೀಬೇಡ ಅಂತಾರಾ ಯಾರಾದ್ರೂ?”

“ವರ್ಸಕ್ಕೊಂದಿನ ಕಾಲ್ಗೂ ರಜ ಕೊಡು, ಏನ್ ಗಂಟೋಯ್ತದೆ? ಆರ್ ತಿಂಗ್ಳಿಂದ ನನ್ ಸೊಂಟ ಉಳ್ಸೈತೆ ಅದು. ಅದು ನಿನ್ ಕಾಲಲ್ಲ ಕಣೇ, ನನ್ ಆಯುಧ.”

ನಾನು ಭೀಮರಾಜನ ಕಡೆ ನೋಡಿದೆ. ಅವನು ಟೆಂಪೋ ಚಕ್ರದ ಕೆಳಗೆ ನಿಂಬೆಹಣ್ಣಿಡಲು ಹೊರಟಿದ್ದವನು ಬಾಗಿಲಲ್ಲೇ ನಿಂತು, “ನನ್ನ ಇದಕ್ಕೆ ಎಳೀಬೇಡ ಕಣಕ್ಕ. ಹೋದ್ ವರ್ಷ ಡ್ರಿಲ್ ಮುಟ್ಟಿದ್ದಕ್ಕೆ ಒಂದ್ ವಾರ ನಂಗೆ ಮುದ್ದೆ ಹಾಕಿಲ್ಲ” ಅಂದು ಮಾಯವಾದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ನಾನು ಊಟ ಮಾಡುವುದಿಲ್ಲ ಅಂತ ಬಾಯಿ ಬಿಗಿ ಹಿಡಿದೆ. ಅಮ್ಮ ಹೋಳಿಗೆ ಮುರಿದು ತುಪ್ಪ ಹಚ್ಚಿ ಮೂಗಿನ ಹತ್ತಿರ ಹಿಡಿದಳು. ಮೂಗು ಮುಚ್ಚಿಕೊಳ್ಳಲೂ ನನಗೆ ಅಮ್ಮನ ಕೈಯೇ ಬೇಕು. ಎರಡು ಹೋಳಿಗೆ ತಿಂದೆ.

ಉಳಿದ ದಾರಿ ಒಂದೇ. ಅಟ್ಟದ ಮೇಲಿದ್ದ ಹಳೇ ತಳ್ಳುಕುರ್ಚಿ ಇಳಿಸುವುದು. ಅದನ್ನು ತಳ್ಳಲು ಒಬ್ಬರು ಬೇಕು, ಕೂತಲ್ಲಿ ಜಾರಿದರೆ ಮೇಲೆಳೆಯಲು ಒಬ್ಬರು ಬೇಕು. ಆ ಒಬ್ಬರು ಯಾರು ಅಂತ ಬೇರೆ ಹೇಳಬೇಕಿಲ್ಲ. ರಯ್ಯಾನ್ ತಳ್ಳುತ್ತಾನೆ ಅಂದದ್ದಕ್ಕೆ, “ನಿನ್ ಕತ್ತು ಎಂಗಿಡ್ಬೇಕು ಅಂತ ಅವ್ನಿಗೇನ್ ಗೊತ್ತು?” ಅಂದು ಅಮ್ಮ ಆಗಲೇ ರೇಷ್ಮೆ ಸೀರೆ ಉಡುತ್ತಿದ್ದಳು. ಹೋಗದೆ ಇರಬಹುದಿತ್ತು. ಹೋದರೆ ಅಮ್ಮ ತನ್ನ ಬೈಗುಳವನ್ನೆಲ್ಲ ಪರದೆಯ ಮೇಲೆ ಓದುತ್ತಾಳೆ, ಅದಕ್ಕೆ ಜನ ನಗುವುದನ್ನು ಕೇಳುತ್ತಾಳೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ನಿಧಾನವಾಗಿಯಾದರೂ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿಯೇ ಹತ್ತುವವಳು. ಇಷ್ಟು ವರ್ಷ ನನ್ನನ್ನು ಹೊತ್ತವಳನ್ನು ಊರಿನ ಮುಂದೆ ನಗೆಪಾಟಲು ಮಾಡಿದಂತಾಗುತ್ತದಲ್ಲ. ಆದರೂ ಹೊರಟೆ. ಆ ನಗು ಕೇಳುವ ಆಸೆ ಅಷ್ಟಿತ್ತು.

ಗಂಗಮ್ಮನಗುಡಿ ಸರ್ಕಲ್ ದಾಟಿ ಯಲಹಂಕ ಮುಟ್ಟುವವರೆಗೂ ರಸ್ತೆ ತುಂಬ ಒಡೆದ ಬೂದುಗುಂಬಳ. ಟೆಂಪೋ ಹಿಂದೆ ಅಮ್ಮ ಒಂದು ಕೈಯಲ್ಲಿ ನನ್ನ ಹಣೆ, ಇನ್ನೊಂದರಲ್ಲಿ ಕುರ್ಚಿ ಹಿಡಿದು, ಪ್ರತಿ ಗುಂಡಿಗೂ ಭೀಮರಾಜನನ್ನು ಬೈಯುತ್ತಾ ಬಂದಳು. ಅವುಗಳಲ್ಲಿ ಎರಡು ಬೈಗುಳ ಚೆನ್ನಾಗಿದ್ದವು. ಅಭ್ಯಾಸಬಲದಿಂದ ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ, ಆಮೇಲೆ ನಾಚಿಕೆಯಾಯಿತು.

ಹಾಲ್ ನ್ಯೂ ಟೌನಿನ ಒಂದು ಟ್ಯೂಷನ್ ಸೆಂಟರಿನದು. ಅರವತ್ತು ಜನ ಸೇರಿದ್ದರು. ಒಬ್ಬ ಹುಡುಗ ಅಂಗಿಗೆ ಹತ್ತಿ ತುಂಬಿದ ಎರಡು ತೋಳು ಹೊಲಿದುಕೊಂಡು ಯೂನಿಟ್ ಫೋರ್ ವೇಷ ಹಾಕಿದ್ದ. ಅಮ್ಮ ಆ ತೋಳನ್ನು ಹಿಸುಕಿ ನೋಡಿ, “ಇವೆರಡೂ ಕೆಲ್ಸಕ್ಕೆ ಬರಾಕಿಲ್ಲ” ಅಂತ ಅವನಿಗೇ ತಿಳಿಸಿದಳು. ರಯ್ಯಾನ್ ಓಡಿ ಬಂದ. “ಮಾಲಾ ಅಕ್ಕ! ಎಲ್ರೂ ಕೇಳಿ, ಯೂನಿಟ್ ಫೋರ್‌ಗೆ...”

“ರಯ್ಯಾನ್, ಫ್ಯಾನ್ ಹಾಕಪ್ಪ, ಸೆಕೆ” ಅಂತ ಅವನ ಮಾತನ್ನು ಅಲ್ಲೇ ಕತ್ತರಿಸಿದೆ.

ದೀಪ ಆರಿತು. ಅಮ್ಮ ನನ್ನ ಎಡಕ್ಕೆ, ಒಂದು ಹೆಜ್ಜೆ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಸಂಚಿಕೆ ಶುರುವಾಗಿ ಐದನೇ ನಿಮಿಷಕ್ಕೆ ಯೂನಿಟ್ ಫೋರ್ ಕ್ಯಾಪ್ಟನ್ ಟಾಲಾಳ ಮುಂದೆ ಲೋಟ ಹಿಡಿದು, ಇಂಗ್ಲಿಷಿನಲ್ಲಿ ತನ್ನ ಸಭ್ಯ ಮಾತಾಡಿತು. ಕೆಳಗೆ ನನ್ನ ಕನ್ನಡ ಬಂತು: “ನೀರ್ ಕುಡಿಯೇ ಅಂದ್ರೆ ಕುಡಿಯಾಕಿಲ್ಲ. ಆಮ್ಯಾಕೆ ತಲೆನೋವು ಅಂತ ನನ್ ಪ್ರಾಣ ತಿಂತೀಯ.”

ಹಾಲ್ ನಕ್ಕಿತು. ಅರವತ್ತು ಜನರ ನಗು ಅಂದರೆ ಇಷ್ಟು ದೊಡ್ಡದಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕುರ್ಚಿಯ ಹಿಡಿಯವರೆಗೂ ಅದು ಬಂದು ತಾಕಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಎಡಗಡೆಯಿಂದ, ಬಸ್ಸಿನ ಬೋರ್ಡು ಓದುವ ದನಿಯಲ್ಲಿ, “ನೀರ್... ಕುಡಿಯೇ... ಅಂದ್ರೆ...” ಅಂತ ಅಮ್ಮನ ಓದು ಶುರುವಾಯಿತು. ಜನ ಎರಡನೇ ಸಲ ನಕ್ಕರು.

ಮುಂದೆ ಕ್ಯಾಪ್ಟನ್ನು, ತಾನೊಬ್ಬಳೇ ನಿಲ್ದಾಣದ ಹೊರಗೆ ಹೋಗುತ್ತೇನೆ ಅಂದಳು. ಯಂತ್ರ ಅಮ್ಮನ ದಿನದ ಮಾತನ್ನೇ ಹೇಳಿತು: “ಓಗು. ಯಾರ್ ಬ್ಯಾಡ ಅಂದೋರು?” ಮತ್ತೆ ನಗು. ಅಮ್ಮ ಓದಿ ಮುಗಿಸಿ, ನನ್ನ ಕಿವಿಯ ಹತ್ತಿರ ಬಗ್ಗಿದಳು. “ಇದ್ಯಾರೇ ಬರ್ದಿರಾದು?”

“ನಾನಲ್ಲ” ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹೆಗಲು ಮುಟ್ಟಿಕೊಳ್ಳಲು ಕೈ ಏಳದಿದ್ದರೇನು, ಬಾಯಿ ಇದೆಯಲ್ಲ. ಅಮ್ಮನ ಓದು ನಿಂತುಹೋಯಿತು. ಪರದೆಯ ಮೇಲೆ ಯಂತ್ರ ಗೊಣಗುತ್ತಿತ್ತು, ಜನ ನಗುತ್ತಿದ್ದರು, ಎಡಗಡೆ ಮಾತ್ರ ಸದ್ದಿಲ್ಲ. ಅವಳ ಮುಖ ನೋಡಬೇಕು ಅನ್ನಿಸಿತು. ನನ್ನ ಕತ್ತು ಅಷ್ಟು ತಿರುಗುವುದಿಲ್ಲ. ಅವಳ ಮುಖ ನೋಡಲು ನನ್ನ ತಲೆ ತಿರುಗಿಸು ಅಂತ ಅವಳನ್ನೇ ಕೇಳಬೇಕು. ಕೇಳಲು ಧೈರ್ಯ ಬರಲಿಲ್ಲ. ಅಲ್ಲಿಂದಾಚೆ ಜನ ನಕ್ಕಾಗಲೆಲ್ಲ ನನಗೆ ಮೈ ಉರಿಯಿತು. ಯಾಕೆ ನಗುತ್ತೀರಿ, ನಮ್ಮಮ್ಮ ಏನು ಕೋಡಂಗಿಯಾ ಅಂತ ಕೂಗಬೇಕೆನಿಸಿತು. ಕೋಡಂಗಿ ಮಾಡಿದವಳು ನಾನೇ.

ಸಂಚಿಕೆ ಕಡೆಯ ದೃಶ್ಯಕ್ಕೆ ಬಂತು. ಯೂನಿಟ್ ಫೋರ್ ಹಳತಾಗಿದೆ, ಶಕ್ತಿ ಮುಗಿಯುತ್ತಿದೆ. ಕ್ಯಾಪ್ಟನ್ನನ್ನು ಕೊನೆಯ ಸಲ ಎತ್ತಿ ಅವಳ ಜಾಗದಲ್ಲಿ ಕೂರಿಸಿ, ವಿದಾಯ ಹೇಳಿ ಆರಿಹೋಗಬೇಕು. ಮೂಲದಲ್ಲಿ ಅದು ಹೇಳುವುದು ಇಷ್ಟೇ, ತಮ್ಮ ಸೇವೆ ನನ್ನ ಕರ್ತವ್ಯವಾಗಿತ್ತು ಅಂತ. ಈ ಸಾಲಿಗೆ ಅಮ್ಮನ ಮಾತು ನನಗೆ ಸಿಕ್ಕಿರಲಿಲ್ಲ. ಅಂಥದ್ದನ್ನು ಅವಳು ಯಾವತ್ತೂ ಆಡಿಲ್ಲ. ನಾಲ್ಕು ದಿನ ಕೂತು, ಅವಳ ಬಾಯಲ್ಲಿ ನನಗೆ ಯಾವುದನ್ನು ಕೇಳಬೇಕು ಅಂತ ಆಸೆಯಿತ್ತೋ ಅದನ್ನೇ ಬರೆದಿದ್ದೆ. ಪರದೆಯ ಮೇಲೆ ಅದು ಬಂತು: “ನಿನ್ನ ಹೊತ್ತಿದ್ದು ನಂಗೆ ಯಾವತ್ತೂ ಭಾರ ಅನ್ನಿಸ್ಲಿಲ್ಲ ಮಗಳೇ.”

ಯಾರೋ ಮೂಗೆಳೆದರು. ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಓದಿ, “ಸುಳ್ಳು” ಅಂದಳು.

ಎಲ್ಲರೂ ತಿರುಗಿದರು. ರಯ್ಯಾನ್ ಗಾಬರಿಯಿಂದ ವಿಡಿಯೋ ನಿಲ್ಲಿಸಿದ. ನಾಲ್ಕು ಕೈಯವಳು ಪರದೆಯ ಮೇಲೆ ಅರ್ಧ ಬಗ್ಗಿ ನಿಂತುಬಿಟ್ಟಳು.

“ಭಾರ ಆಯ್ತಿತ್ತು” ಅಂದಳು ಅಮ್ಮ. “ಎಂಗಾಗಾಕಿಲ್ಲ? ಆಳುದ್ದ ಎಂಗ್ಸು. ಸೊಂಟ ಬಿದ್ದೋಗೈತೆ. ಇಷ್ಟೊತ್ತು ಎಲ್ಲಾ ಸರ್ಯಾಗಿ ಮಾತಾಡ್ದೋಳು, ಸಾಯೋ ಗಳಿಗೇಲಿ ಯಾಕ್ ಸುಳ್ ಯೋಳ್ತಾಳೆ? ಇಂಗೆ ಯೋಳಾಕಿಲ್ಲ ಅವಳು.”

“ಮತ್ತೇನ್ ಹೇಳ್ತಾಳೆ ಅಮ್ಮಾ?” ರಯ್ಯಾನ್ ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದ.

ಅಮ್ಮ ಎದ್ದು ನಿಂತಳು. ಸೀರೆಯ ಸರಬರ ಸದ್ದಿನಿಂದ ನನಗದು ಗೊತ್ತಾಯಿತು. “ಓಗೋಳು ಸುಮ್ನೆ ಓಗಾಕಾಯ್ತದೇನಪ್ಪ? ಮುಂದೆ ಬರೋಳ್ಗೆ ಯೋಳ್ಬುಟ್ಟು ಓಗ್ಬೇಕಲ್ವಾ. ಎಡಮಗ್ಗುಲಿಗೆ ಬಾಳೊತ್ತು ಮಲಗಿಸ್ಬ್ಯಾಡ, ಉಸ್ರು ಕಟ್ತದೆ. ಎತ್ತೋಕ್ ಮೊದ್ಲು ‘ಎತ್ತೀನಿ’ ಅಂತ ಬಾಯ್ಬಿಟ್ಟು ಯೋಳು, ಇಲ್ಲಾಂದ್ರೆ ಎದರ್ಕೋತಾಳೆ. ಎದರ್ಕೊಂಡೆ ಅಂತ ಯಾವತ್ತೂ ಒಪ್ಕಳಾಕಿಲ್ಲ. ನೀರ್ ಕೇಳಾಕಿಲ್ಲ, ನೀನೇ ಕೊಡು. ಬಚ್ಚಲಿಗೆ ಅವಳು ಕರ್ಯೋ ಗಂಟ ಕಾಯ್ಬ್ಯಾಡ, ನೀನೇ ಕೇಳು, ಮಕ ನೋಡ್ದೆ ಕೇಳು. ಬೆಳಗೆದ್ದೇಟ್ಗೆ ಮಾತಾಡಿಸ್ಬ್ಯಾಡ, ಸಿಟ್ಟು ಜಾಸ್ತಿ, ಕಾಪಿ ಆದ್ಮ್ಯಾಲೆ ಸರಿ ಓಯ್ತಾಳೆ. ಬೈತಾಳೆ, ಬೈಸ್ಕೋ. ಎರಡ್ ಬೆರ್ಳಲ್ಲೇ ಏನೋ ಬರೀತಿರ್ತಾಳೆ, ಆವಾಗ ಮಾತ್ರ ಅಡ್ಡ ಬರ್ಬ್ಯಾಡ.”

ಅಷ್ಟು ಹೇಳಿ ಕೂತಳು. “ಅಷ್ಟೇಯ. ಹಾಕಪ್ಪ ಮುಂದಕ್ಕೆ.”

ರಯ್ಯಾನ್ ವಿಡಿಯೋ ಹಾಕುವುದನ್ನೇ ಮರೆತು ನಿಂತಿದ್ದ. ನನಗೆ ಕೋಪ ಬಂತು. ನಾನು ಯಾವ ಮಗ್ಗುಲಿಗೆ ಮಲಗುತ್ತೇನೆ, ಬಚ್ಚಲಿಗೆ ಹೇಗೆ ಹೋಗುತ್ತೇನೆ ಅಂತ ಅರವತ್ತು ಜನಕ್ಕೆ ಡಂಗುರ ಹೊಡೆಸಿದಂತಾಯಿತು. ಕೋಪದ ಹಿಂದೆಯೇ ಅಳು ಬಂತು. ಈ ಪಟ್ಟಿ ಈಗ ನಿಂತ ಕಾಲಲ್ಲಿ ಮಾಡಿದ್ದಲ್ಲ. ಸೊಂಟ ಹಿಡಿದ ದಿನದಿಂದ ಅಮ್ಮ ಇದನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದಾಳೆ, ಯಾರಿಗೆ ಹೇಳಬೇಕು ಅಂತ ಗೊತ್ತಿಲ್ಲದೆ. ಅಮ್ಮನ ನಂತರ ಯಾರು ಅನ್ನುವ ಅದೇ ಹೆದರಿಕೆ ನನಗೂ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆವು.

ಮೂಗು ಸುರಿಯತೊಡಗಿತು. ಕೇಳುವ ಮೊದಲೇ ಸೆರಗು ಬಂತು. “ಮೂಗ್ ಸೀಟು” ಅಂದಳು. ಸೀಟಿದೆ.

“ನಾನೇ ಅಮ್ಮ ಬರ್ದಿದ್ದು” ಅಂದೆ.

“ನನ್ ಮಾತು ಬರ್ದ್ರೆ ಸರ್ಯಾಗ್ ಬರಿ” ಅಂದಳು. “ಅರ್ಧ ಬರ್ದು ಅರ್ಧ ಬುಡಬ್ಯಾಡ.”

ಮಾರನೆಯ ದಿನ ಬೆಳಿಗ್ಗೆ ದೀಪ ಹಚ್ಚಿ, ಕಾಯಿ ಒಡೆದು, ಸಾಮಾನಿಗೆಲ್ಲ ಬಿಡುಗಡೆಯಾಯಿತು. ಕಾಫಿ ಆದ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ಸಬ್‌ಟೈಟಲ್ಲಿಗೆ ಒಂದು ಲೆಕ್ಕವಿದೆ. ಒಂದು ಸಲಕ್ಕೆ ಎರಡೇ ಸಾಲು, ಪಾತ್ರ ಮಾತಾಡುವಷ್ಟು ಹೊತ್ತು ಮಾತ್ರ. ಯೂನಿಟ್ ಫೋರ್ ವಿದಾಯಕ್ಕೆ ಸಿಕ್ಕಿದ್ದು ಆರು ಸೆಕೆಂಡು. ಅಮ್ಮ ಹೇಳಿದ್ದರಲ್ಲಿ ಒಂದು ಬುದ್ಧಿವಾದ ಹಿಡಿಯುತ್ತದೆ, ಕಷ್ಟಪಟ್ಟರೆ ಒಂದೂವರೆ.

“ಒಂದೇ ಹೇಳೋಕೆ ಟೈಮಿರೋದು. ಯಾವುದು ಇಟ್ಕೊಳ್ಲಿ?” ಅಂತ ಕೇಳಿದೆ.

ಅಮ್ಮ ಈಳಿಗೆಮಣೆ ಮುಂದೆ ಹುರುಳಿಕಾಯಿ ಹಿಡಿದೇ ಒಂದೊಂದಾಗಿ ಬೆರಳು ಮಡಿಸಿ ಎಣಿಸಿದಳು. “ಬುಡಾಂಥದ್ದು ಯಾವ್ದೂ ಇಲ್ವಲ್ಲೇ” ಅಂದಳು.

ವಿಡಿಯೋ ಮುಂದಕ್ಕೆ ಓಡಿಸಿದೆ. ಯಂತ್ರದ ಕಣ್ಣಿನ ದೀಪ ಆರುತ್ತದೆ. ಆಮೇಲೆ ಎರಡು ನಿಮಿಷ ಯಾರೂ ಮಾತಾಡುವುದಿಲ್ಲ. ಕ್ಯಾಪ್ಟನ್ ಒಬ್ಬಳೇ ಕೂತಿರುತ್ತಾಳೆ, ಕಿಟಕಿಯಲ್ಲಿ ಶನಿಯ ಬಳೆ ಕಾಣುತ್ತದೆ. ಆ ಎರಡು ನಿಮಿಷವೂ ಖಾಲಿ ಬಿದ್ದಿತ್ತು. ನಾನು ಎಡಮಗ್ಗುಲಿನಿಂದ ಶುರು ಮಾಡಿ ಒಂದೊಂದೇ ತುಂಬಿದೆ. ಮಧ್ಯಾಹ್ನದ ಹೊತ್ತಿಗೆ ಮುಗಿಸಿ ರಯ್ಯಾನ್‌ಗೆ ಕಳಿಸಿದೆ. ಅರ್ಧ ಗಂಟೆಗೆ ಅವನ ಫೋನು ಬಂತು.

“ಅಕ್ಕ, ಎಲ್ಲೋ ಮಿಸ್ಟೇಕ್ ಆಗಿದೆ. ಯೂನಿಟ್ ಫೋರ್ ಆಫ್ ಆಗೋಗಿದೆ. ಆದ್ರೂ ಕೆಳಗೆ ಮಾತು ಬರ್ತಾನೇ ಇದೆ.”

“ಮಿಸ್ಟೇಕ್ ಅಲ್ಲ ಕಣೋ” ಅಂದೆ. “ಬರ್ತಾ ಇರ್ಲಿ ಬಿಡು.”